ಪಕ್ಕೆಲುಬಿನ ಲೆಕ್ಕ ಯಾವ ಖಾತೆಗೆ?



ಈ ಪತ್ರಿಕೆಯಲ್ಲಿ ನೀವು ಧಾರಣೆಯ ಬಗ್ಗೆ ಓದುತ್ತೀರಿ, ಬಡ್ಡಿಯ ಬಗ್ಗೆ ಓದುತ್ತೀರಿ, ಗೊಬ್ಬರ, ಕರೆಂಟು, ನಾಲೆ ನೀರಿನ ಬಗ್ಗೆ ಓದುತ್ತೀರಿ. ಈ ಸಲ ನಾನು ಎಲುಬಿನ ಬಗ್ಗೆ ಬರೆಯುತ್ತಿದ್ದೇನೆ. ಅದೂ ನನ್ನದೇ ಪಕ್ಕೆಲುಬಿನ ಬಗ್ಗೆ. ಧಾರಣೆಗೂ ಪಕ್ಕೆಲುಬಿಗೂ ಏನಪ್ಪಾ ಸಂಬಂಧ ಅಂತ ಕೇಳಬೇಡಿ. ಕಡೇತನಕ ಓದಿ, ಆಮೇಲೆ ಸಂಬಂಧ ಇದೆಯೋ ಇಲ್ಲವೋ ನೀವೇ ಹೇಳಿ.

ನಮ್ಮೂರು ಶಾಮನೂರು. ಹೆಸರಿಗೆ ಈಗ ದಾವಣಗೆರೆ ನಗರದೊಳಗೆ ಸೇರಿಹೋಗಿದೆ. ಒಂದು ಕಡೆ ಬಡಾವಣೆ, ಬಂಗಲೆ. ಇನ್ನೊಂದು ಕಡೆ ಭದ್ರಾ ನಾಲೆಯನ್ನು ನಂಬಿಕೊಂಡ ಭತ್ತದ ಗದ್ದೆ. ಉಳಿದವರ ಪೈಕಿ ನಾನೂ ಒಬ್ಬ, ನಾಲ್ಕು ಎಕರೆಯವನು. ಹೋದ ಬೇಸಿಗೆ ಬೆಳೆ ಒಕ್ಕಣೆ ಮುಗಿದು ಚೀಲ ತುಂಬಿ ಆಗಿತ್ತು. ಮೋಡ ಕಟ್ಟಿತ್ತು. ಹಮಾಲರು ನಾಳೆ ಬರ್ತೀವಿ ಅಂದರು. ನಾಳೆ ತನಕ ಮಳೆ ಕಾಯುತ್ತದೆಯೇ? ನಾನೂ ನನ್ನ ಮಗನೂ ಸೇರಿ ಚೀಲ ಎತ್ತಿ ಟ್ರೇಲರಿಗೆ ಹಾಕಲು ನಿಂತೆವು. ಹದಿನಾಲ್ಕನೆಯದೋ ಹದಿನೈದನೆಯದೋ ಚೀಲ ಬೆನ್ನ ಮೇಲಿದ್ದಾಗ ಹಲಗೆ ಜಾರಿತು. ಟ್ರೇಲರಿನ ಕಬ್ಬಿಣದ ಅಂಚು ಎಡಪಕ್ಕೆಗೆ ಬಡಿಯಿತು. ಒಣ ಕಡ್ಡಿ ಮುರಿದ ಹಾಗೆ ಸದ್ದು ನನಗೇ ಕೇಳಿಸಿತು.

ಒಂದು ಗಳಿಗೆ ಉಸಿರೇ ಬರಲಿಲ್ಲ. ಆಮೇಲೆ ಬಂತು, ಆದರೆ ಅರ್ಧ ಉಸಿರು. ಪೂರ್ತಿ ಎಳೆದರೆ ಚೂರಿ ಹಾಕಿದಂಗೆ. ಆದರೂ ಉಳಿದ ಚೀಲ ಹಾಕಿಸಿಯೇ ಮನೆಗೆ ಹೋದೆ. ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ. ಮಳೆಗೆ ನೆನೆದ ಭತ್ತವನ್ನು ಯಾರು ಕೊಳ್ಳುತ್ತಾರೆ?

ನಾನು ಮಾಡಿದ ತಪ್ಪುಗಳು

ಮುಂದೆ ಆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ನನ್ನ ತಪ್ಪಿನಿಂದ ನಿಮಗೆ ಬುದ್ಧಿ ಬಂದರೆ ಆ ದುಡ್ಡು ಪೂರ್ತಿ ದಂಡ ಆಗಲಿಲ್ಲ ಅಂತ ತಿಳಿದುಕೊಳ್ಳುತ್ತೇನೆ.

ಮೊದಲನೇ ದಿನ ಅರಿಸಿನ ಹಚ್ಚಿ ಮಲಗಿದೆ. ಎರಡನೇ ದಿನ ಪೇಟೆಗೆ ಹೋಗಿ ಎಕ್ಸರೇ ತೆಗೆಸಿದೆ. ತೆಗೆದವನು ಫಿಲ್ಮ್ ಬೆಳಕಿಗೆ ಹಿಡಿದು, "ಎಲುಬು ಸರಿಯಾಗೈತಿ, ಏನಾಗಿಲ್ಲ ಬಿಡ್ರಿ" ಅಂದ. ಡಾಕ್ಟರಿಗೆ ತೋರಿಸಲು ಮತ್ತೆ ಸಾಲಿನಲ್ಲಿ ನಿಲ್ಲಬೇಕಲ್ಲ ಅಂತ ಹಾಗೇ ವಾಪಸ್ಸು ಬಂದೆ. ಮೂರನೇ ದಿನ ಯಾರೋ ಹೇಳಿದರು ಅಂತ ಎಲುಬು ಕಟ್ಟುವವರ ಹತ್ತಿರ ಹೋಗಿ ಎದೆ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡೆ. ಕಟ್ಟಿದ ಕೂಡಲೇ ನೋವು ಕಡಿಮೆ ಆಯಿತು. ಯಾಕೆ ಕಡಿಮೆ ಆಯಿತು? ಉಸಿರಾಟವೇ ಕಡಿಮೆ ಆಗಿತ್ತು, ಅದಕ್ಕೆ. ನಾನು ವಾಸಿ ಆಯಿತು ಅಂದುಕೊಂಡು ಗದ್ದೆಗೆ ಇಳಿದೆ. ನೋವು ಬಂದಾಗ ಅಂಗಡಿಯ ಮಾತ್ರೆ ನುಂಗಿದೆ. ಕೆಮ್ಮು ಬಂದರೆ ತಡೆದೆ, ಕೆಮ್ಮಿದರೆ ಪ್ರಾಣ ಹೋದಂಗೆ ಆಗುತ್ತಿತ್ತು.

ಎಂಟನೇ ದಿನ ಚಳಿಜ್ವರ. ಒಂಬತ್ತನೇ ದಿನ ಹಳದಿ ಕಫ, ಏದುಸಿರು. ರಾತ್ರಿ ಹೊತ್ತು ಮಗ ಗಾಬರಿಯಾಗಿ ಸಿಕ್ಕಿದ ಖಾಸಗಿ ಆಸ್ಪತ್ರೆಗೆ ಒಯ್ದ. ನ್ಯುಮೋನಿಯಾ ಅಂದರು. ಆರು ದಿನ ಮಲಗಿದೆ.

ಅಲ್ಲಿನ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನನ್ನ ಹಾಸಿಗೆ ಪಕ್ಕ ಕೂತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಯಜಮಾನರೇ, ಮುರಿದ ಪಕ್ಕೆಲುಬು ನಿಮ್ಮನ್ನ ಇಲ್ಲಿಗೆ ತರಲಿಲ್ಲ. ಉಸಿರು ಎಳೆಯದೆ ಇದ್ದದ್ದು ತಂತು."

ಪಕ್ಕೆಲುಬಿನ ವಿಷಯ ತಿಳಿದಿರಬೇಕಾದದ್ದು

ಅವರು ತಿಳಿಸಿದ್ದನ್ನೂ ಆಮೇಲೆ ಬೇರೆ ಡಾಕ್ಟರುಗಳನ್ನು ಕೇಳಿ ಖಾತ್ರಿ ಮಾಡಿಕೊಂಡದ್ದನ್ನೂ ಇಲ್ಲಿ ಬರೆಯುತ್ತೇನೆ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಎತ್ತು ಒದೆಯುವುದು, ಹಸು ಗೋದಲಿಗೆ ಒತ್ತುವುದು, ತೆಂಗಿನ ಮರದಿಂದ ಜಾರುವುದು, ಬದುವಿನ ಮೇಲೆ ಬೀಳುವುದು, ಟ್ರ್ಯಾಕ್ಟರ್ ಮಗುಚುವುದು ಯಾರ ಮನೆಯಲ್ಲಿ ಇಲ್ಲ?

ಮನುಷ್ಯನಿಗೆ ಹನ್ನೆರಡು ಜೊತೆ ಪಕ್ಕೆಲುಬು. ಕೈ ಮುರಿದರೆ, ಕಾಲು ಮುರಿದರೆ ಪ್ಲಾಸ್ಟರ್ ಹಾಕಿ ಅಲುಗಾಡದ ಹಾಗೆ ಇಡುತ್ತಾರೆ. ಪಕ್ಕೆಲುಬಿಗೆ ಆ ಭಾಗ್ಯ ಇಲ್ಲ. ನಾವು ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಸಲ ಉಸಿರಾಡುತ್ತೇವೆ, ಅಷ್ಟು ಸಲವೂ ಅದು ಅಲುಗಾಡಲೇಬೇಕು. ಆದ್ದರಿಂದ ಅದಕ್ಕೆ ಕಟ್ಟು ಇಲ್ಲ, ಪ್ಲಾಸ್ಟರ್ ಇಲ್ಲ, ಬಹುಪಾಲು ಆಪರೇಷನ್ನೂ ಇಲ್ಲ. ತಾನಾಗಿ ಕೂಡುತ್ತದೆ. ಆರು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಹಿಂದೆ ಡಾಕ್ಟರುಗಳೇ ಎದೆಗೆ ಅಗಲವಾದ ಪಟ್ಟಿ ಬಿಗಿಯುತ್ತಿದ್ದ ಕಾಲ ಇತ್ತು. ಅದರಿಂದ ಉಸಿರು ಮೇಲುಮೇಲೆ ಆಗಿ ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾ ಆಗುವುದನ್ನು ಕಂಡು ಆ ಪದ್ಧತಿಯನ್ನೇ ಬಿಟ್ಟರು. ಕೈಕಾಲಿನ ಎಲುಬಿಗೆ ಕಟ್ಟು ಹಾಕುವ ನಾಟಿ ವೈದ್ಯರ ಮೇಲೆ ನನಗೆ ದ್ವೇಷ ಇಲ್ಲ. ಎದೆಗೆ ಮಾತ್ರ ಬಿಗಿ ಕಟ್ಟು ಕಟ್ಟಿಸಿಕೊಳ್ಳಬೇಡಿ.

ಎಕ್ಸರೇಯಲ್ಲಿ ಕಾಣಲಿಲ್ಲ ಅಂದರೆ ಮುರಿದಿಲ್ಲ ಅಂತ ಅರ್ಥ ಅಲ್ಲ. ಎಷ್ಟೋ ಬಿರುಕುಗಳು ಅದಕ್ಕೆ ಕಾಣುವುದೇ ಇಲ್ಲ. ಎಕ್ಸರೇ ತೆಗೆಯುವುದು ಮುಖ್ಯವಾಗಿ ಒಳಗೆ ಗಾಳಿಯೋ ರಕ್ತವೋ ತುಂಬಿದೆಯೇ, ಶ್ವಾಸಕೋಶ ಕುಗ್ಗಿದೆಯೇ ಅಂತ ನೋಡುವುದಕ್ಕೆ. ಅದನ್ನು ನೋಡಿ ಹೇಳಬೇಕಾದವರು ಡಾಕ್ಟರು, ಫಿಲ್ಮ್ ತೆಗೆದವನಲ್ಲ. ಆದ್ದರಿಂದ ಡಾಕ್ಟರು ನಿಮ್ಮ ಮೈ ಮುಟ್ಟಿ ನೋಡದೆ ಮನೆಗೆ ಬರಬೇಡಿ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಎಚ್ಚರ ಇರುವಾಗ ಗಂಟೆಗೊಂದು ಸಲ ಹತ್ತು ಸಾರಿ ನಿಧಾನವಾಗಿ, ಆಳವಾಗಿ ಉಸಿರು ಎಳೆಯಿರಿ. ಮೂರು ಉಂಡೆ ಇರುವ ಪ್ಲಾಸ್ಟಿಕ್ ಡಬ್ಬಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕೊಳವೆಯಿಂದ ಉಸಿರೆಳೆದರೆ ಉಂಡೆ ಮೇಲೇಳುತ್ತದೆ. ಮಕ್ಕಳ ಆಟಿಕೆ ಥರ ಕಂಡರೂ ಕೆಲಸ ದೊಡ್ಡದು. ಕೆಮ್ಮು ಬಂದರೆ ತಡೆಯಬೇಡಿ, ನೋವಿನ ಜಾಗಕ್ಕೆ ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಒತ್ತಿ ಹಿಡಿದು ಕೆಮ್ಮಿ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ತಲೆಕಡೆ ಎತ್ತರ ಮಾಡಿ ಮಲಗಿ. ಮಲಗೇ ಇರಬೇಡಿ, ಮನೆ ಸುತ್ತ ಓಡಾಡಿ. ಬೀಡಿ ಬಿಡಿ. ಭಾರ ಎತ್ತಬೇಡಿ, ಪಂಪು ಬೆನ್ನಿಗೆ ಹಾಕಿ ಔಷಧಿ ಹೊಡೆಯಬೇಡಿ, ಟ್ರ್ಯಾಕ್ಟರ್ ಹತ್ತಬೇಡಿ.

ನೋವಿನ ಮಾತ್ರೆ ತಗೊಳ್ಳುವುದು ಹೇಡಿತನ ಅಲ್ಲ. ನೋವು ಕಡಿಮೆ ಆದರೆ ತಾನೇ ಉಸಿರು ಆಳಕ್ಕೆ ಹೋಗುವುದು? ಡಾಕ್ಟರು ಹೇಳಿದ ಮಾತ್ರೆಯನ್ನು ಹೇಳಿದ ಹೊತ್ತಿಗೆ ನುಂಗಿ, ನೋವು ಏರುವ ತನಕ ಕಾಯಬೇಡಿ. ಆದರೆ ಅಂಗಡಿಯವನು ಕೊಟ್ಟ ಚುರುಕು ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅದನ್ನು ಡಾಕ್ಟರಿಗೆ ಹೇಳಿಯೇ ಹೇಳಬೇಕು.

ಇನ್ನು ಒಂದು ಗಂಟೆಯೂ ಕಾಯದೆ 108ಕ್ಕೆ ಫೋನು ಮಾಡಬೇಕಾದ ಲಕ್ಷಣಗಳು: ಕೂತಲ್ಲೇ ಏದುಸಿರು, ತುಟಿ ನೀಲಿ ಆಗುವುದು, ಕಫದಲ್ಲಿ ರಕ್ತ, ತಲೆ ಸುತ್ತಿ ಬೆವರುವುದು, ಎದೆಯ ಒಂದು ಭಾಗ ಉಸಿರಿಗೆ ವಿರುದ್ಧವಾಗಿ ಒಳಕ್ಕೆ ಹೋಗುವುದು. ಕೆಳಗಿನ ಪಕ್ಕೆಲುಬುಗಳ ಹಿಂದೆ ಎಡಕ್ಕೆ ಗುಲ್ಮ, ಬಲಕ್ಕೆ ಪಿತ್ತಜನಕಾಂಗ, ಬೆನ್ನಿಗೆ ಮೂತ್ರಪಿಂಡ ಇವೆ. ಹೊಟ್ಟೆ ನೋವು ಏರುತ್ತಿದ್ದರೆ, ಭುಜಕ್ಕೆ ನೋವು ಹೊಡೆದರೆ, ಮೂತ್ರದಲ್ಲಿ ರಕ್ತ ಕಂಡರೆ ಒಳಗೆ ರಕ್ತ ಸೋರುತ್ತಿರಬಹುದು. ನಾಲ್ಕು ದಿನ ಆದಮೇಲೆ ಜ್ವರ, ಬಣ್ಣದ ಕಫ ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಅರವತ್ತೈದು ದಾಟಿದವರಿಗೆ ಇದು ಎರಡರಷ್ಟು ಎಚ್ಚರಿಕೆ. ಪೆಟ್ಟೇ ಬೀಳದೆ ಎದೆ ನೋವು ಬಂದು ಕೈಗೆ, ದವಡೆಗೆ ಹರಡಿದರೆ ಅದನ್ನು ಪಕ್ಕೆ ನೋವು ಅನ್ನಬೇಡಿ, ಅದು ಹೃದಯದ್ದಿರಬಹುದು.

ಮನೆಯ ಹೆಂಗಸರ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೊಟ್ಟಿಗೆಯಲ್ಲಿ ಎಮ್ಮೆ ಒತ್ತಿದರೆ ನಮ್ಮ ಹೆಂಡಂದಿರು ಯಾರಿಗೂ ಹೇಳುವುದಿಲ್ಲ. ಸಂಜೆಗೆ ಅದೇ ಎಮ್ಮೆಯ ಹಾಲು ಕರೆಯುತ್ತಾರೆ. ವಯಸ್ಸಾದ ಹೆಂಗಸರ ಎಲುಬು ಸವೆದಿರುತ್ತದೆ, ಜೋರು ಕೆಮ್ಮಿಗೇ ಪಕ್ಕೆಲುಬು ಬಿರುಕು ಬಿಡುವುದುಂಟು. "ಏನಿಲ್ಲ, ಸ್ವಲ್ಪ ಹಿಡ್ಕಂಡೈತಿ" ಅಂದರೆ ಅದನ್ನು ನಂಬಬೇಡಿ, ಕರಕೊಂಡು ಹೋಗಿ.

ಔಷಧಿ ಅಗ್ಗ, ವಿಶ್ರಾಂತಿ ತುಟ್ಟಿ

ಈಗ ಲೆಕ್ಕಕ್ಕೆ ಬರೋಣ. ಗುಣವಾದ ಮೇಲೆ ನಾನು ಮಂಡಿಯ ಚೀಟಿ ಹಿಂದೆ ಬರೆದ ಲೆಕ್ಕ ಇದು. ಆಸ್ಪತ್ರೆ ಬಿಲ್ಲು 31,000 ರೂಪಾಯಿ. ಪರೀಕ್ಷೆ, ಔಷಧಿ 6,400. ಓಡಾಟ, ಊಟ 2,600. ಕೈಯಲ್ಲಿ ಕಾಸಿಲ್ಲದೆ ಭತ್ತವನ್ನು ಕ್ವಿಂಟಲಿಗೆ 150 ರೂಪಾಯಿ ಕಡಿಮೆಗೆ ಕೊಟ್ಟೆ, 90 ಕ್ವಿಂಟಲಿಗೆ 13,500 ಹೋಯಿತು. ನನ್ನ ಬದಲು ಕೆಲಸಕ್ಕೆ ಇಟ್ಟ ಆಳಿಗೆ 36 ದಿನ, ದಿನಕ್ಕೆ 600ರಂತೆ 21,600. ಒಟ್ಟು 75,100 ರೂಪಾಯಿ. ಹೆಂಡತಿಯ ಸರ ಒತ್ತೆ ಇಟ್ಟದ್ದರ ಬಡ್ಡಿ ಇದರಲ್ಲಿ ಸೇರಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮೀಕ್ಷೆಯ ಪ್ರಕಾರ ದೇಶದ ಒಂದು ಕೃಷಿ ಕುಟುಂಬದ ಮೇಲಿದ್ದ ಸರಾಸರಿ ಸಾಲ 74,121 ರೂಪಾಯಿ. ನನ್ನ ಒಂದು ಪಕ್ಕೆಲುಬು ಹೆಚ್ಚೂಕಡಿಮೆ ಅಷ್ಟಕ್ಕೇ ಬಂದು ನಿಂತಿತು.

ಈಗ ಇದೇ ಲೆಕ್ಕವನ್ನು ಇನ್ನೊಂದು ಥರ ಹಾಕಿ. ಮೊದಲ ದಿನವೇ ಡಾಕ್ಟರಿಗೆ ತೋರಿಸಿ, ಮಾತ್ರೆ ನುಂಗಿ, ಉಸಿರಿನ ವ್ಯಾಯಾಮ ಮಾಡಿ, ಆರು ವಾರ ಭಾರ ಎತ್ತದೆ ಇದ್ದಿದ್ದರೆ? ಎಕ್ಸರೇ, ಮಾತ್ರೆ, ಡಬ್ಬಿ ಎಲ್ಲಾ ಸೇರಿ ಒಂದೂವರೆ ಸಾವಿರ. ಆಳಿನ ಕೂಲಿ ಮಾತ್ರ ಅದೇ 21,600. ಅಂದರೆ ಈ ಕಾಯಿಲೆಗೆ ಔಷಧಿ ಅಗ್ಗ, ವಿಶ್ರಾಂತಿ ತುಟ್ಟಿ. ಡಾಕ್ಟರು ಚೀಟಿಯಲ್ಲಿ "ಆರು ವಾರ ವಿಶ್ರಾಂತಿ" ಅಂತ ಒಂದು ಸಾಲು ಬರೆದು ಸಹಿ ಹಾಕುತ್ತಾರೆ. ಆ ಒಂದು ಸಾಲು ಯಾವ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ? ಹಾಗಾಗಿಯೇ ನಾನು ಎಂಟು ದಿನಕ್ಕೇ ಗದ್ದೆಗೆ ಇಳಿದದ್ದು. ಅದು ನನ್ನ ಅಜ್ಞಾನವೂ ಹೌದು, ನನ್ನ ಕೈ ಖಾಲಿ ಇದ್ದದ್ದೂ ಹೌದು.

ಯೋಜನೆಗಳಿಲ್ಲವೇ? ಇವೆ. ಸಹಕಾರ ಸಂಘದ ರೈತ ಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಬಂತು. ಆಗ ತಲೆಗೆ ವರ್ಷಕ್ಕೆ 60 ರೂಪಾಯಿ. 2018ರಲ್ಲಿ ಅದನ್ನು ನಿಲ್ಲಿಸಿ ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು. ರೈತರ ಒತ್ತಾಯದ ಮೇಲೆ 2022ರಲ್ಲಿ ಮತ್ತೆ ತಂದರು, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದ ತನಕ ಚಿಕಿತ್ಸೆ. ಒಳ್ಳೆಯದೇ. ನಾನು ಆ ವರ್ಷ ವಂತಿಗೆ ಕಟ್ಟಿರಲಿಲ್ಲ, ಅದು ನನ್ನ ತಪ್ಪು. ನೀವು ತಪ್ಪಿಸಬೇಡಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ, ಬಿ.ಪಿ.ಎಲ್. ಕಾರ್ಡಿನವರಿಗೆ 5 ಲಕ್ಷ. ಎ.ಪಿ.ಎಲ್.ನವರಿಗೆ ಖರ್ಚಿನಲ್ಲಿ ನೂರಕ್ಕೆ 30ರಷ್ಟು, ಅದೂ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಹೋದರೆ. ಆದ್ದರಿಂದ ಮೊದಲು ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಿ. ನಮಗೆ ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಊರಲ್ಲಿ 1965ರಿಂದ ವೈದ್ಯಕೀಯ ಕಾಲೇಜೂ ಇದೆ. ಇಷ್ಟು ಹತ್ತಿರ ಇದ್ದೂ ನಾನು ಎಂಟು ದಿನ ಕಳೆದೆ. ದೀಪದ ಬುಡದಲ್ಲೇ ಕತ್ತಲೆ.

ಆದರೆ ಈ ಯೋಜನೆಗಳ ಕಣ್ಣಿಗೆ ಕಾಣುವುದು ಹಾಸಿಗೆ ಹಿಡಿದವನು ಮಾತ್ರ. ಅಡ್ಮಿಟ್ ಆದರೆ ದುಡ್ಡು, ಮನೆಯಲ್ಲಿ ಕೂತು ವಾಸಿ ಮಾಡಿಕೊಂಡರೆ ದುಡ್ಡಿಲ್ಲ. ಪಕ್ಕೆಲುಬು ಮುರಿದವನಿಗೆ ಬೇಕಾದದ್ದು ಒಂದೂವರೆ ಸಾವಿರದ ಔಷಧಿ ಮತ್ತು ಆರು ವಾರದ ಕೂಲಿ. ಅದನ್ನು ಕೊಡುವವರಿಲ್ಲ. ಅವನು ದುಡಿದು ನ್ಯುಮೋನಿಯಾ ಮಾಡಿಕೊಂಡು ಬಂದರೆ ಲಕ್ಷಗಟ್ಟಲೆ ಕೊಡಲು ಸಿದ್ಧ. ನಾಲೆ ಬಿರುಕು ಬಿಟ್ಟಾಗ ಒಂದು ಬುಟ್ಟಿ ಮಣ್ಣು ಹಾಕದೆ, ಒಡೆದ ಮೇಲೆ ಟೆಂಡರ್ ಕರೆದಂಗೆ!

2015ರಲ್ಲಿ ಬಂದ ಪ್ರಧಾನ ಮಂತ್ರಿ ಸುರಕ್ಷಾ ವಿಮೆಯೂ ಇದೆ. ವರ್ಷಕ್ಕೆ 20 ರೂಪಾಯಿ. ಸತ್ತರೆ 2 ಲಕ್ಷ, ಎರಡೂ ಕಣ್ಣು ಹೋದರೆ 2 ಲಕ್ಷ, ಒಂದು ಕೈ ಹೋದರೆ 1 ಲಕ್ಷ. ಪಕ್ಕೆಲುಬಿಗೆ ಸೊನ್ನೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಏಳು ದಿನ, ಒಂದೂವರೆ ಲಕ್ಷದ ತನಕ ನಗದಿಲ್ಲದ ಚಿಕಿತ್ಸೆ ಎಂದು ಕೇಂದ್ರ ಸರ್ಕಾರ ಯೋಜನೆ ಮಾಡಿದೆ. ಸಂತೋಷ. ಆದರೆ ನನ್ನ ಟ್ರ್ಯಾಕ್ಟರ್ ರಸ್ತೆ ಮೇಲೆ ಮಗುಚಿದರೆ ಒಂದು ನ್ಯಾಯ, ಹತ್ತು ಮಾರು ಆಚೆ ಗದ್ದೆಯಲ್ಲಿ ಮಗುಚಿದರೆ ಇನ್ನೊಂದು ನ್ಯಾಯವೇ? ಮುರಿಯುವ ಎಲುಬು ಒಂದೇ ಅಲ್ಲವೇ?

ಎತ್ತಿಗೆ ಲೆಕ್ಕ ಉಂಟು, ಒಡೆಯನಿಗಿಲ್ಲ

ನಮ್ಮ ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಗಿರಣಿಯಲ್ಲಿ ಗಾಯವಾದ ಕಾರ್ಮಿಕನಿಗೆ ಪರಿಹಾರ ಕೊಡಬೇಕೆಂಬ ಕಾಯಿದೆ ಬ್ರಿಟಿಷರ ಕಾಲದಲ್ಲೇ, 1923ರಲ್ಲೇ ಬಂತು. 1948ರಲ್ಲಿ ಇ.ಎಸ್.ಐ. ಕಾಯಿದೆ ಆಯಿತು. ಇ.ಎಸ್.ಐ. ಇರುವ ಕಾರ್ಮಿಕನಿಗೆ ಕೆಲಸದ ಮೇಲೆ ಪೆಟ್ಟಾದರೆ ಚಿಕಿತ್ಸೆ ಪುಕ್ಕಟೆ. ಅಷ್ಟೇ ಅಲ್ಲ, ವಾಸಿಯಾಗುವ ತನಕ ಕೂಲಿಯ ನೂರಕ್ಕೆ 90ರಷ್ಟು ಮನೆಗೆ ಬರುತ್ತದೆ. ಅಂದರೆ ಆ ಕಾಯಿದೆಗೆ ವಿಶ್ರಾಂತಿಯೂ ಒಂದು ಔಷಧಿ ಎಂದು ಗೊತ್ತಿದೆ. ಕಾರ್ಮಿಕನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವನು ಸಂಘ ಕಟ್ಟಿ ಹೋರಾಡಿ ಪಡೆದದ್ದು ಅದು. ನಾವು ಕೇಳಲೇ ಇಲ್ಲ.

ನಮ್ಮದೇ ಆಳುಗಳ ಮಾತನ್ನೂ ಎತ್ತದಿದ್ದರೆ ಈ ಲೇಖನ ಸುಳ್ಳಾಗುತ್ತದೆ. ನಮ್ಮ ಗದ್ದೆಯಲ್ಲಿ ಕೂಲಿಯವನು ಬಿದ್ದರೆ ನಾವೇನು ಮಾಡುತ್ತೇವೆ? ಐನೂರು ರೂಪಾಯಿ ಕೈಗಿಟ್ಟು "ಹುಷಾರಾಗಪ್ಪಾ" ಅಂತ ಕಳಿಸುತ್ತೇವೆ. 1923ರ ಆ ಕಾಯಿದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರ್, ಯಂತ್ರಗಳಿಂದ ನಡೆಯುವ ಬೇಸಾಯದ ಆಳುಗಳನ್ನೂ ಸೇರಿಸಲಾಗಿತ್ತು. ಒಕ್ಕಣೆ ಯಂತ್ರಗಳಿಗಾಗಿಯೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂತು. ಇವನ್ನು ನಾವೂ ಓದಲಿಲ್ಲ, ನಮಗೆ ಯಾರೂ ಓದಿ ಹೇಳಲಿಲ್ಲ. ಸರ್ಕಾರ ನಮ್ಮ ಎಲುಬಿಗೆ ಬೆಲೆ ಕೊಡಲಿ ಅಂತ ಕೂಗುವ ನಾವು ಆಳಿನ ಎಲುಬಿಗೆ ಬೆಲೆ ಕಟ್ಟದಿದ್ದರೆ ನಮ್ಮ ಕೂಗಿಗೆ ಬಲ ಎಲ್ಲಿಂದ ಬರಬೇಕು?

ಈಗ ಧಾರಣೆಗೆ ಬಂದೆ. 2025–26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಇದಕ್ಕೆ ಆಧಾರವಾಗಿ ಹಿಡಿದ ಉತ್ಪಾದನಾ ವೆಚ್ಚ 1,579 ರೂಪಾಯಿ. ಈ ವೆಚ್ಚದೊಳಗೆ ಏನೇನಿದೆ? ಬೀಜ, ಗೊಬ್ಬರ, ಔಷಧಿ ಇದೆ. ಆಳಿನ ಕೂಲಿ ಇದೆ. ಎತ್ತಿನ ದುಡಿಮೆಗೆ ಲೆಕ್ಕ ಇದೆ. ನೇಗಿಲು, ಪಂಪ್‌ಸೆಟ್ಟು, ಉಪಕರಣಗಳ ಸವಕಳಿಗೆ ಲೆಕ್ಕ ಇದೆ. ಮನೆಯವರ ದುಡಿಮೆಗೆ ಕೂಲಿ ದರದಲ್ಲಿ ಒಂದಿಷ್ಟು ಹಿಡಿಯುತ್ತಾರೆ, ಅದೂ ದುಡಿದ ದಿನಕ್ಕೆ ಮಾತ್ರ. ದುಡಿಮೆಯಿಂದಲೇ ಗಾಯಗೊಂಡು ದುಡಿಯಲಾರದೆ ಕೂತ ದಿನಕ್ಕೆ ಲೆಕ್ಕ ಇಲ್ಲ. ನೇಗಿಲು ಸವೆಯುತ್ತದೆ ಅಂತ ಬೆಲೆ ಆಯೋಗಕ್ಕೆ ಗೊತ್ತು. ನೇಗಿಲು ಹಿಡಿದವನೂ ಸವೆಯುತ್ತಾನೆ ಅಂತ ಗೊತ್ತಿಲ್ಲವೇ? ಕಾರ್ಖಾನೆಯ ಮಾಲೀಕ ಕಾರ್ಮಿಕನ ಇ.ಎಸ್.ಐ. ವಂತಿಗೆಯನ್ನು ತನ್ನ ಸರಕಿನ ಬೆಲೆಯಲ್ಲೇ ಸೇರಿಸಿ ನಮಗೆ ಮಾರುತ್ತಾನೆ. ನಾವು ಕೊಳ್ಳುವ ಬಟ್ಟೆಯಲ್ಲಿ, ಪೈಪಿನಲ್ಲಿ ಇನ್ನೊಬ್ಬರ ಗಾಯದ ಖರ್ಚು ಕೊಡುತ್ತೇವೆ. ನಮ್ಮ ಭತ್ತದಲ್ಲಿ ನಮ್ಮ ಗಾಯದ ಖರ್ಚು ಯಾರು ಕೊಡುತ್ತಾರೆ?

ಬ್ಯಾಂಕಿನ ಲೆಕ್ಕವೂ ಹಾಗೇ. 2012ರಲ್ಲಿ ಪರಿಷ್ಕರಿಸಿದ ಕಿಸಾನ್ ಕ್ರೆಡಿಟ್ ಕಾರ್ಡಿನ ನಿಯಮದಲ್ಲಿ, ಬೆಳೆಗೆ ಗೊತ್ತುಮಾಡಿದ ಸಾಲದ ಮೇಲೆ ಉಪಕರಣಗಳ ರಿಪೇರಿ, ನಿರ್ವಹಣೆಗೆ ನೂರಕ್ಕೆ 20 ಸೇರಿಸಿದರು. ಮನೆಖರ್ಚು, ಕೊಯ್ಲಿನ ನಂತರದ ಖರ್ಚು ಎಲ್ಲಕ್ಕೂ ಸೇರಿ ನೂರಕ್ಕೆ 10. ಪಂಪ್‌ಸೆಟ್ಟಿನ ರಿಪೇರಿಗೆ ಎರಡು ಪಾಲು, ಮನುಷ್ಯನಿಗೆ ಒಂದು ಪಾಲು! ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಸಿಗುತ್ತದೆ, ಆಸ್ಪತ್ರೆಗೆ ಸಿಗುವುದಿಲ್ಲ. ಹಾಗಾಗಿ ಗೊಬ್ಬರಕ್ಕೆ ತಂದ ದುಡ್ಡು ಆಸ್ಪತ್ರೆಗೆ ಹೋಗುತ್ತದೆ, ಗೊಬ್ಬರಕ್ಕೆ ಕೈಸಾಲ ಆಗುತ್ತದೆ. ಕಡೆಗೆ ಬ್ಯಾಂಕಿನವನು "ಬೆಳೆಸಾಲವನ್ನು ದುರುಪಯೋಗ ಮಾಡಿದಿರಿ" ಅಂತಾನೆ.

ಏನು ಕೇಳಬೇಕು, ಏನು ಮಾಡಬೇಕು

ಕೇಳಬೇಕಾದದ್ದು ಮೂರು. ಒಂದು, ಬೆಲೆ ಆಯೋಗ ಉತ್ಪಾದನಾ ವೆಚ್ಚ ಹಾಕುವಾಗ ರೈತನ ಗಾಯ, ಕಾಯಿಲೆಯ ದಿನಗಳನ್ನೂ ಚಿಕಿತ್ಸೆಯ ಖರ್ಚನ್ನೂ ಸೇರಿಸಬೇಕು. ಎರಡು, ಯಶಸ್ವಿನಿಯಂಥ ಯೋಜನೆಯಲ್ಲೇ ವಿಶ್ರಾಂತಿ ಭತ್ಯೆ ಎಂಬುದನ್ನು ತರಬೇಕು. ಸರ್ಕಾರಿ ಡಾಕ್ಟರು ಬರೆದುಕೊಟ್ಟಷ್ಟು ದಿನ, ಕನಿಷ್ಠ ಕೂಲಿಯಷ್ಟಾದರೂ ದುಡ್ಡು ಸೊಸೈಟಿ ಮೂಲಕ ಬರಬೇಕು. ಅದು ಜಮೀನು ಇದ್ದವನಿಗೂ ಬರಬೇಕು, ಅವನ ಹೊಲದಲ್ಲಿ ದುಡಿಯುವವನಿಗೂ ಬರಬೇಕು. ಮೂರು, ಆಸ್ಪತ್ರೆಗೆಂದೇ ಬಡ್ಡಿಯಿಲ್ಲದ ಸಣ್ಣ ಸಾಲ ಎರಡು ದಿನದೊಳಗೆ ಸೊಸೈಟಿಯಲ್ಲಿ ಸಿಗಬೇಕು. ಸರವನ್ನು ಒತ್ತೆ ಇಡುವ, ಮಂಡಿಯವನು ಹೇಳಿದ ಬೆಲೆಗೆ ಭತ್ತ ಸುರಿಯುವ ಗತಿ ತಪ್ಪಬೇಕು.

ಇದೆಲ್ಲ ನಾಳೆಯೇ ಆಗುವುದಿಲ್ಲ. ಎಲುಬು ಮಾತ್ರ ನಾಳೆಯೇ ಮುರಿಯಬಹುದು. ಅದಕ್ಕೆ ನಮ್ಮ ಕೈಯಲ್ಲೇ ಒಂದು ಉಪಾಯ ಇದೆ. ನಮ್ಮ ಹಿರಿಯರು ಅದನ್ನು ಮುಯ್ಯಿ ಅಂತ ಕರೆದರು. ಇವತ್ತು ನನ್ನ ಗದ್ದೆಗೆ ನೀನು ಬಾ, ನಾಳೆ ನಿನ್ನ ಗದ್ದೆಗೆ ನಾನು ಬರ್ತೀನಿ. ಕೂಲಿ ಬಂದ ಮೇಲೆ, ಯಂತ್ರ ಬಂದ ಮೇಲೆ ಅದನ್ನು ಮರೆತೆವು. ಊರಿನ ಇಪ್ಪತ್ತು ಮನೆಯವರು ಒಂದು ಪುಸ್ತಕ ಇಡಲಿ. ಯಾರಿಗೆ ಗಾಯ ಆದರೂ ಆರು ವಾರ ಆ ಮನೆಗೆ ದಿನಕ್ಕೊಬ್ಬರು ಸರದಿ ಮೇಲೆ ಹೋಗಲಿ. ನೀರು ಕಟ್ಟಲಿ, ದನಕ್ಕೆ ಹುಲ್ಲು ಹಾಕಲಿ, ಚೀಲ ಎತ್ತಲಿ. ಲೆಕ್ಕ ಹಾಕಿ ನೋಡಿ, ಇಪ್ಪತ್ತು ಮನೆಯವರಿದ್ದರೆ ಆರು ವಾರದಲ್ಲಿ ಒಬ್ಬೊಬ್ಬರ ಪಾಲಿಗೆ ಎರಡೇ ದಿನ ಬರುತ್ತದೆ. ಎರಡು ದಿನ ಕೊಟ್ಟು ಒಬ್ಬನನ್ನು ಇಪ್ಪತ್ತು ಸಾವಿರದ ಸಾಲದಿಂದ ಉಳಿಸಬಹುದು. ಯಾವ ಬ್ಯಾಂಕು ಇಂಥ ಬಡ್ಡಿ ಕೊಡುತ್ತದೆ?

ಗಾಯ ಆದ ದಿನವೇ ಡಾಕ್ಟರ ಕೈಯಲ್ಲಿ ಎಲ್ಲಿ, ಹೇಗೆ, ಯಾವಾಗ ಆಯಿತೆಂದು ನಿಜ ಹೇಳಿ ಬರೆಸಿಕೊಳ್ಳಿ. ಆ ಚೀಟಿ, ಬಿಲ್ಲು, ಎಕ್ಸರೇ ಎಲ್ಲ ಪಹಣಿಯ ಜೊತೆ ಜೋಪಾನವಾಗಿ ಇಡಿ. ಊರೂರಿನ ಇಂಥ ಚೀಟಿಗಳು ಒಂದು ಕಟ್ಟಾದರೆ, ನಾಳೆ ಬೆಲೆ ಆಯೋಗದ ಮುಂದೆ ಇಡಲು ನಮ್ಮ ಹತ್ತಿರ ಬಾಯಿಮಾತಿಗಿಂತ ಗಟ್ಟಿಯಾದ ಸಾಕ್ಷಿ ಇರುತ್ತದೆ.

ನನ್ನ ಪಕ್ಕೆ ಈಗ ಕೂಡಿದೆ. ಮುಟ್ಟಿದರೆ ಸಣ್ಣ ಗಂಟು ಸಿಗುತ್ತದೆ, ಮೋಡ ಕಟ್ಟಿದ ದಿನ ಸ್ವಲ್ಪ ಜಗ್ಗುತ್ತದೆ. ಸರ ಇನ್ನೂ ಬಿಡಿಸಿಕೊಂಡಿಲ್ಲ. ಈ ಬೆಳೆ ಕೈಗೆ ಬಂದರೆ ಬಿಡಿಸಬೇಕು. ಚೀಲ ಎತ್ತಲು ಈ ಸಲ ನಾನು ಒಬ್ಬನೇ ನಿಲ್ಲುವುದಿಲ್ಲ. ಪಕ್ಕದ ಗದ್ದೆಯವನಿಗೆ ಈಗಲೇ ಹೇಳಿಟ್ಟಿದ್ದೇನೆ. ಅವನ ಚೀಲಕ್ಕೆ ನಾನು, ನನ್ನ ಚೀಲಕ್ಕೆ ಅವನು.